ಟೈಲರ್ ಆಂಟಿಯ ಸೊಂಟದ ಅಳತೆ

ಕಳೆದ ಭಾನುವಾರ ಬೀರು ಜೋಡಿಸುವಾಗ ನೀಲಿ ಬ್ಲೌಸೊಂದು ಸಿಕ್ಕಿತು. ತೋಳು ಬಿಗಿಯಾಗಿತ್ತು. ಹೊಲಿಗೆ ಬಿಚ್ಚೋಣವೆಂದು ಒಳಮಗ್ಗುಲು ತಿರುಗಿಸಿದರೆ ಒಂದೂವರೆ ಇಂಚು ಬಟ್ಟೆ, ಅದರ ಮೇಲೆ ಮಾಸಿದ ಚಾಕ್‌ಪೀಸಿನ ಗೆರೆ... ಹನುಮಂತನಗರದ ನಮ್ಮ ಬೀದಿಯ ಟೈಲರ್ ಆಂಟಿ ಹಾಗೆಯೇ. ಮುಂದೆ ದಪ್ಪಗಾದರೆ ಇರಲಿ ಎಂದು ಎಲ್ಲರಿಗೂ ಒಳಗೆ ಬಟ್ಟೆ ಬಿಡುತ್ತಿದ್ದರು.

ಆಗ ನಾನು ಎಂಎಸ್ಸಿ ಎರಡನೇ ವರ್ಷದಲ್ಲಿದ್ದೆ. ಅಂಡಾಶಯದ ಕ್ಯಾನ್ಸರ್ ಕುರಿತು ಸೆಮಿನಾರ್ ಕೊಡಬೇಕಿತ್ತು. ಸಂಜೆ ಬಸ್ಸಿಳಿದು ಅವರ ಅಂಗಡಿಯ ಸ್ಟೂಲಿನಲ್ಲಿ ಕೂತು ಜೋರಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಒಟ್ಟು ಹನ್ನೊಂದು ಸಂಜೆ, ಡೈರಿಯಲ್ಲಿದೆ. ಈ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ, ಯಾವ ಜೀವಕೋಶದಲ್ಲಿ ಹುಟ್ಟಿತು ಎಂಬುದರ ಮೇಲೆ ಅದರ ಬಗೆ ಬೇರೆ ಎಂದು ಓದಿದೆ. ಹೆಚ್ಚಾಗಿ ಕಾಣುವ ಬಗೆ ಬಹುಪಾಲು ಅಂಡಾಶಯದಲ್ಲಿ ಶುರುವಾಗುವುದೇ ಇಲ್ಲ, ಪಕ್ಕದ ಅಂಡನಾಳದ ತುದಿಯಲ್ಲಿ ಹುಟ್ಟಿ ಅಲ್ಲಿಗೆ ಬರುತ್ತದೆ ಎಂದಾಗ ಆಂಟಿ ಮೆಷಿನ್ ನಿಲ್ಲಿಸಿದರು.

"ಹಂಗಾದ್ರೆ ಹೊಲಿಗೆ ಬಿಟ್ಟಿದ್ದು ಕಂಕುಳಲ್ಲಿ, ಹರಿದಿದ್ದು ಬೆನ್ನಲ್ಲಿ ಅನ್ನು."

ನಕ್ಕು, ಆ ಮಾತನ್ನು ನನ್ನ ಭಾಷಣಕ್ಕೆ ಸೇರಿಸಿಕೊಂಡೆ.

ಆಂಟಿ ತಮಗೆ ಬಟ್ಟೆ ಹೊಲಿದುಕೊಳ್ಳುವಾಗ, ತಮ್ಮ ಸೊಂಟಕ್ಕೆ ತಾವೇ ಟೇಪು ಸುತ್ತಿದರೆ ಅಳತೆ ತಪ್ಪುತ್ತದೆಂದು ಟೇಪನ್ನು ನನ್ನ ಕೈಗೆ ಕೊಡುತ್ತಿದ್ದರು. ನನಗೋ ಕಂಡದ್ದೆಲ್ಲ ಬರೆದಿಡುವ ಚಟ. ಜೂನ್‌ನಲ್ಲಿ ಮೂವತ್ತಮೂರು ಇಂಚು. ಜುಲೈನಲ್ಲಿ ಮೂವತ್ತೈದು. ಆಗಸ್ಟ್‌ನಲ್ಲಿ ಮೂವತ್ತೇಳೂವರೆ... ಅದೇ ತಿಂಗಳು ತೋಳು ಅರ್ಧ ಇಂಚು ಸಣ್ಣಗಾಗಿತ್ತು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ ಎನ್ನುತ್ತಿದ್ದರು.

ಆಗಸ್ಟ್ ಕೊನೆಗೆ, ಸೆಮಿನಾರಿನ ಹಿಂದಿನ ಸಂಜೆ ಕೊನೆಯ ಭಾಗ ಓದುತ್ತಿದ್ದೆ. ಡಿಎನ್‌ಎಗೆ ಬಿದ್ದ ಪೆಟ್ಟನ್ನು ಸರಿಪಡಿಸುವ ಜೀನ್ ಕೆಟ್ಟಿದ್ದರೆ ಅದು ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಬರಬಹುದು, ಆಗ ಒಂದೇ ಮನೆಯ ಹಲವರಿಗೆ ಈ ಕಾಯಿಲೆ ಬರುವುದುಂಟು... ಆಂಟಿ ತೊಡೆಯ ಮೇಲಿದ್ದ ನನ್ನ ನೀಲಿ ಬ್ಲೌಸನ್ನು ಪಕ್ಕಕ್ಕಿಟ್ಟರು.

"ನಮ್ಮಮ್ಮ, ನಮ್ಮಕ್ಕ ಇಬ್ರೂ ಹೊಟ್ಟೆ ಊದ್ಕೊಂಡೇ ಹೋಗಿದ್ದು ಕಣಮ್ಮ. ನಂದೂ ಅದೇ ಇರ್ಬೋದಾ?"

ಬ್ಲೌಸಿಗೆ ಇನ್ನೂ ಹುಕ್ ಹಾಕುವುದಿತ್ತು. ನನಗೆ ಅದರದೇ ಚಿಂತೆ.

"ಗ್ಯಾಸ್ ಇರತ್ತೆ ಆಂಟಿ. ಕೇಳಿದ ಕಾಯ್ಲೆಯೆಲ್ಲ ನಿಮಗೇ ಬಂದಿದೆ ಅನ್ಕೋತೀರ."

"ಅದೂ ಸರಿ. ಓದಿರೋಳು ನೀನು," ಎಂದು ಮತ್ತೆ ಸೂಜಿ ಹಿಡಿದರು.

ಆ ಬ್ಲೌಸ್ ತೊಟ್ಟು ಹೋಗಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಅಂಕ ತಂದೆ. ಹೊಲಿಗೆಯ ಹೋಲಿಕೆಯನ್ನು ಎಲ್ಲರೂ ಮೆಚ್ಚಿದರು. ಅದು ಯಾರ ಮಾತೆಂದು ನಾನು ಹೇಳಲಿಲ್ಲ.

ಆಂಟಿ ಡಾಕ್ಟರ ಬಳಿ ಹೋದದ್ದು ದೀಪಾವಳಿ ಕಳೆದ ಮೇಲೆ, ಹೊಟ್ಟೆಯಲ್ಲಿ ನೀರು ತುಂಬಿ ಕೂರಲಾಗದಾಗ. ನಾನು ಓದಿ ಹೇಳಿದ ಅದೇ ಬಗೆ. ಮರುವರ್ಷದ ಯುಗಾದಿಗೆ ಅವರಿರಲಿಲ್ಲ... ಆಗಸ್ಟ್‌ನಲ್ಲೇ ತೋರಿಸಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಅವರು ಕೇಳಿದ್ದು ನನ್ನನ್ನು, ಅದು ಗೊತ್ತು.

ನಿನ್ನೆ ಹಳೆಯ ಡೈರಿ ತೆಗೆದು ನೋಡಿದೆ. ಅವತ್ತಿನ ಪುಟದಲ್ಲಿ ಆರು ಹುಕ್ ಎಂದು ಬರೆದಿದ್ದೇನೆ. ಎಷ್ಟು ಗಂಟೆಗೆ ಅಂಗಡಿಯಿಂದ ಹೊರಟೆ ಎಂದೂ ಬರೆದಿದ್ದೇನೆ. ಆಂಟಿಯ ಪ್ರಶ್ನೆ ಮಾತ್ರ ಇಲ್ಲ.

ನನಗಾಗಿ ಅವರು ಬಿಟ್ಟಿದ್ದ ಒಂದೂವರೆ ಇಂಚನ್ನು ಬಿಚ್ಚಲು ಕೈ ಬರಲಿಲ್ಲ. ಬ್ಲೌಸನ್ನು ಹಾಗೆಯೇ ಮಡಿಸಿ ಬೀರುವಿನಲ್ಲಿಟ್ಟೆ.