ದರ್ಬೆಯಲ್ಲಿ ಇಳಿಯದ ಅಮ್ಮ

"ದರ್ಬೆ ಇಳಿಯುವವರು ಮುಂದೆ ಬನ್ನಿ" ಎಂದು ಕಂಡಕ್ಟರ್ ಕೂಗಿದಾಗ ಇವತ್ತೂ ನನ್ನ ಕಣ್ಣು ಪಕ್ಕದಲ್ಲಿ ಕೂತ ಅಮ್ಮನ ಕಡೆಗೇ ಹೋಯಿತು. ಸುಳ್ಯದಿಂದ ಪುತ್ತೂರಿಗೆ ಬರುವಾಗ ಈ ಸ್ಟಾಪಿನಲ್ಲಿ ಅವಳು ಮುಖ ಆಚೆ ತಿರುಗಿಸುವುದನ್ನು ನೋಡುತ್ತಲೇ ನಾನು ದೊಡ್ಡವನಾದದ್ದು. ಈಚೆ ಬದಿಯಲ್ಲಿ, ರಸ್ತೆಗೆ ಕಾಣುವ ಹಾಗೆ, ಅವಳ ಅಕ್ಕನ ಮನೆ ಇತ್ತು.

ಜಗಳ ಯಾವುದಕ್ಕೆಂದು ಹೇಳಿದರೆ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಚರ್ಚಿನಲ್ಲಿ ನಾನು ಮೊದಲ ಸಲ ಪರಮಪ್ರಸಾದ ತೆಗೆದುಕೊಂಡ ದಿನ, ಮನೆಯ ಊಟದಲ್ಲಿ ದೊಡ್ಡಮ್ಮ ನೆಂಟರೆದುರಿಗೇ, "ಸಾನ್ನ ಕಲ್ಲಿನ ಹಾಗೆ ಆಗಿದೆಯಲ್ಲ ಮಾರಾಯ್ತಿ, ಹಿಟ್ಟು ಹುಳಿ ಬರ್ಲಿಕ್ಕೆ ಬಿಡ್ಲಿಲ್ವಾ?" ಎಂದುಬಿಟ್ಟರು. ಹಂದಿಮಾಂಸದ ಜತೆಗೆ ಬಡಿಸುವ, ಇಡ್ಲಿಯಂಥ ಆ ಸಾನ್ನ ಮೆತ್ತಗಿಲ್ಲದಿದ್ದರೆ ನಮ್ಮಲ್ಲಿ ಮನೆಯಾಕೆಯ ಮರ್ಯಾದೆ ಹೋದಂತೆಯೇ. ಸತ್ಯ ಹೇಳಬೇಕೆಂದರೆ ಅದು ಕಲ್ಲೇ ಆಗಿತ್ತು. ಅಮ್ಮ ಅಕ್ಕನೊಡನೆ ಮಾತು ಬಿಟ್ಟಳು.

ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಮುಗಿದೊಡನೆ ಕಿರಿಯರು ಕೈಮುಗಿದು ಹಿರಿಯರ ಆಶೀರ್ವಾದ ಬೇಡಬೇಕು, ಹಿರಿಯರು ಕೈ ಎತ್ತಿ ಹರಸಬೇಕು. 'ಬೆಸಾಂವ್' ಎನ್ನುತ್ತೇವೆ. ಎಂಥ ಮುನಿಸೂ ಅಲ್ಲಿಗೆ ಕರಗಬೇಕು. ಪದ್ಧತಿ ಮಾಡಿದವರಿಗೆ ಮನುಷ್ಯರ ಹಟ ಗೊತ್ತಿತ್ತು. ಆದರೆ ಅಕ್ಕ ಇದ್ದದ್ದು ದರ್ಬೆಯಲ್ಲಿ.

"ಒಮ್ಮೆ ಇಳಿದು ಬೆಸಾಂವ್ ಕೇಳಿ ಬರುವ" ಎಂದು ನಾನು ಹೇಳಿದರೆ ಅಮ್ಮ, "ಎಂತ ಅವಸರ? ಸ್ವರ್ಗದಲ್ಲಿ ಹೇಗೂ ಸಿಗ್ತಾಳಲ್ಲ. ಅಲ್ಲೇ ಕೇಳ್ತೇನೆ" ಎನ್ನುತ್ತಿದ್ದಳು. ತಮಾಷೆಯಲ್ಲ, ನಂಬಿಕೆ. ಸ್ವರ್ಗ ಉಂಟು ಎಂದೇ ಹಸಿದು ಬಂದವರಿಗೆ ತಂಗಳು ಹಾಕದೆ ಬಿಸಿ ಅನ್ನ ಬಡಿಸುವವಳು, ಬೈದ ನೆರೆಮನೆಯವರ ಕಾಯಿಲೆಗೂ ಓಡುವವಳು. ಅಕ್ಕನೊಬ್ಬಳನ್ನು ಮಾತ್ರ ಅಲ್ಲಿಗೆ ಮುಂದೂಡಿಬಿಟ್ಟಿದ್ದಳು.

ದೊಡ್ಡಮ್ಮ ತೀರಿಕೊಂಡ ದಿನ ಅಮ್ಮ ದರ್ಬೆಯಲ್ಲಿ ಇಳಿದಳು. ಶವಪೆಟ್ಟಿಗೆಯ ಪಕ್ಕ ಕೈಮುಗಿದು, "ಬೆಸಾಂವ್ ಕೊಡು ಅಕ್ಕಾ" ಎಂದಳು. ಜಪಸರ ಸುತ್ತಿದ ಕೈ ಏಳಲಿಲ್ಲ. ದೊಡ್ಡಮ್ಮನ ಸೊಸೆ ಕಣ್ಣೊರಸಿಕೊಂಡು, "ಅತ್ತೆ ದಿನಾ ಸಂಜೆ ಸುಳ್ಯದ ಕಡೆಗೆ ಕೈ ಎತ್ತಿ ಒಂದು ಬೆಸಾಂವ್ ಕೊಡ್ತಿದ್ರು ಚಿಕ್ಕಮ್ಮ. 'ಅವಳು ಕೇಳದಿದ್ರೆ ಎಂತ, ನಂಗೆ ಕೊಡ್ಲಿಕ್ಕೆ ಕಷ್ಟವಾ?' ಅಂತಿದ್ರು" ಎಂದಳು. ಅಮ್ಮ ಪೆಟ್ಟಿಗೆಯ ಅಂಚಿಗೆ ಹಣೆ ಒತ್ತಿ ಅತ್ತಳು. ಅಂಥ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಆ ಮನೆ ಈಗ ಬೇರೆಯವರದು. ಆದರೂ ಇವತ್ತು ಬಸ್ಸು ನಿಂತಷ್ಟು ಹೊತ್ತೂ ಅಮ್ಮ ನನ್ನ ಮೇಲೆ ಬಾಗಿ ಅದನ್ನೇ ನೋಡಿದಳು.

"ಇಳಿಯುದಾ ಅಮ್ಮ?"

"ಅಲ್ಲಿ ಯಾರುಂಟು?"

ಬಸ್ಸು ಹೊರಟಿತು. ಸಮಾಧಾನಕ್ಕೆಂದು ನಾನು, "ಸ್ವರ್ಗದಲ್ಲಿ ಸಿಗ್ತಾರಲ್ಲ" ಎಂದೆ. ಹಿಂದೆ ಅವಳೇ ಕಲಿಸಿದ ಮಾತು.

"ಸಿಗ್ತಾಳೆ" ಎಂದಳು ಅಮ್ಮ. "ಕಂಡ ಕೂಡ್ಲೇ ಕೈ ಎತ್ತಿಬಿಡ್ತಾಳೆ. ನಂಗೆ ಕೇಳ್ಲಿಕ್ಕೇ ಬಿಡುದಿಲ್ಲ."