ಲಾವಣ್ಯ ಸಂಘದ ಉಪ್ಪು

ಉಪ್ಪಿಟ್ಟಿನ ತಟ್ಟೆಯನ್ನು ಮುಂದಿಡುತ್ತ ನನ್ನ ಹೆಂಡತಿ ಹೇಳುವ ಮಾತು ಯಾವಾಗಲೂ ಒಂದೇ: “ಉಪ್ಪು ಸರಿಯಾಗಿದೆಯಾ ನೋಡಿ.” ದೇವರನ್ನೂ ಪುರಾವೆಯಿಲ್ಲದೆ ಒಪ್ಪದ ನಾನು ಇದೊಂದಕ್ಕೆ ಮಾತ್ರ ರುಚಿ ನೋಡುವ ಮೊದಲೇ “ಸರಿಯಾಗಿದೆ” ಎಂದುಬಿಡುತ್ತೇನೆ. ಈ ಅವಸರಕ್ಕೆ, ಓದುಗ ಮಿತ್ರರೇ, ಒಂದು ಇತಿಹಾಸವಿದೆ, ದಾಖಲೆಯಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನ ತಂಗಿ ವಸಂತಿ ವಿಜಯನಗರದ ನಮ್ಮ ಮನೆಯಿಂದ ರಾಜಾಜಿನಗರದ ಹೆಣ್ಣುಮಕ್ಕಳ ಕಾಲೇಜೊಂದಕ್ಕೆ ಹೋಗುತ್ತಿದ್ದಳು. ಅಲ್ಲೊಂದು ‘ಲಾವಣ್ಯ ಸಂಘ’ವಿತ್ತು. ಕಡಲೆಹಿಟ್ಟು, ಅರಿಶಿನಗಳ ಸೌಂದರ್ಯಚರ್ಚೆಯಿರಬೇಕೆಂದು ಎಂ.ಎ. ಓದುತ್ತಿದ್ದ ನಾನು ನಕ್ಕಿದ್ದೆ. ಲಾವಣ್ಯದ ಬೇರು ಲವಣ ಎಂಬುದು ಸಂಸ್ಕೃತ ಓದಿದ ನನಗೆ ಹೊಳೆಯಲಿಲ್ಲ. ಆ ಹುಡುಗಿಯರಿಗೆ ಹೊಳೆದಿತ್ತು. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕಿವಿಯಿಂದ ಕಿವಿಗೆ ಬಂದ ಆ ಗುಪ್ತಸಂಘದ ಕಾರ್ಯಕ್ರಮ ಒಂದೇ: ಓದು ಮುಗಿಯುವ ಮೊದಲು ಯಾರನ್ನಾದರೂ ನೋಡಲು ಗಂಡಿನ ಕಡೆಯವರು ಬಂದರೆ, ಉಪ್ಪಿಟ್ಟಿಗೆ ಎರಡನೆಯ ಸಲ ಉಪ್ಪು.

ಕೊನೆಯ ವರ್ಷ ವಸಂತಿಯ ಸರದಿ ಬಂತು. ಗಂಡು ಒಪ್ಪಿದರೆ ಕಾಲೇಜು ಬಂದ್ ಎಂದು ಅಪ್ಪ ಸಾರಿದ್ದರು. ಗಂಡಿನ ಕಡೆಯವರು ಬರುವ ಹಿಂದಿನ ದಿನ ಅವಳು ನನಗೆ ಸಂಘದ ಗುಟ್ಟು ಹೇಳಿದಳು. ಮರುದಿನ, ಉಪ್ಪು ತಿಂದವರು ನೀರು ಕುಡಿಯಲೇಬೇಕೆಂಬ ಗಾದೆಯನ್ನು ಗಂಡಿನ ತಾಯಿ ಅಕ್ಷರಶಃ ಪಾಲಿಸಿದರು: ಒಂದು ತುತ್ತಿಗೆ ಎರಡು ಲೋಟ. “ಎಲ್ಲಾ ಅವಳೇ ಮಾಡಿದ್ದು ಕಣ್ರೀ,” ಎಂದಳು ಅಮ್ಮ, ಹೆಣ್ಣು ತೋರಿಸುವ ತಾಯಂದಿರೆಲ್ಲ ಹೇಳುವ ಸುಳ್ಳನ್ನು. ನಾನು “ಚೆನ್ನಾಗಿದೆ” ಎಂದು ತಟ್ಟೆ ಬರಿದು ಮಾಡಿ ಗುಟ್ಟು ಕಾಪಾಡಿದೆ. ಸಂಬಂಧ ಮುರಿಯಿತು, ತಂಗಿ ಪರೀಕ್ಷೆ ಬರೆದಳು.

ಹೀಗೆಂದು ನಲವತ್ತು ವರ್ಷ ಹೇಳಿಕೊಂಡು ಬಂದೆ. ಮೊನ್ನೆ ಕೆಂಗೇರಿಯ ಅವಳ ಮನೆಯಲ್ಲಿ ಮತ್ತೆ ಶುರುಮಾಡಿದಾಗ, ಮೇಷ್ಟರಿಕೆಯಿಂದ ನಿವೃತ್ತಳಾದ ವಸಂತಿ ತಡೆದಳು.

“ನೀನೆಲ್ಲೋ ಚೆನ್ನಾಗಿದೆ ಅಂದೆ? ‘ಅಯ್ಯೋ, ಸಮುದ್ರ ಕಣೇ ಇದು’ ಅಂತ ಕಿರುಚಿದ್ದೆ!”

“ಇರಲಿ, ನಿನ್ನ ಧೈರ್ಯ ದೊಡ್ಡದು.”

“ಯಾವ ಧೈರ್ಯ? ನಾನು ಉಪ್ಪು ಹಾಕ್ಲೇ ಇಲ್ಲ ಕಣೋ. ಡಬ್ಬಿಗೆ ಕೈ ಹಾಕಿದೆ, ಅಮ್ಮ ನೋಡ್ಬಿಟ್ಳು. ‘ಯಾಕೇ?’ ಅಂದ್ಳು. ‘ಪರೀಕ್ಷೆ ಬರೀಬೇಕು’ ಅಂದೆ. ‘ಹೋಗು, ಸೀರೆ ಸರಿಮಾಡ್ಕೋ’ ಅಂದ್ಳು. ಅಷ್ಟೇ.”

ದೇವರಿಗಿಡುವ ಮೊದಲು ರುಚಿ ನೋಡಬಾರದ ನಮ್ಮ ಮನೆಯಲ್ಲಿ, ಬರೀ ಕೈಯಳತೆಯಿಂದ ಅಡುಗೆ ಮಾಡಿದ ಅಮ್ಮನ ಬೆರಳು ಆ ಒಂದು ದಿನ ಬಿಟ್ಟರೆ ಎಂದೂ ತಪ್ಪಿದ್ದಿಲ್ಲ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಡಿಸಿ ಮದುವೆಗೆ ಸಿದ್ಧಮಾಡಿದ ಹುಡುಗಿ ಅವಳು. ಕಾಲೇಜಿನ ಗೇಟನ್ನೂ ಕಾಣದೆ ಆ ಸಂಘ ಸೇರಿದ ಸದಸ್ಯೆ ಬಹುಶಃ ಅವಳೊಬ್ಬಳೇ. ಪುರಾವೆ ಕೇಳಬೇಡಿ, ನಂಬಿದ್ದೇನೆ.

ಇವತ್ತು ಹೆಂಡತಿ ತಟ್ಟೆ ಇಟ್ಟಾಗ ಮೊದಲು ರುಚಿ ನೋಡಿದೆ. “ಸ್ವಲ್ಪ ಜಾಸ್ತಿ ಆಗಿದೆ,” ಎಂದೆ. ಇನ್ನೊಂದು ಸೌಟು ಹಾಕಿಸಿಕೊಂಡೆ.