ಎದುರುಮನೆಯಾಕೆ ಹೊಡೆಯದ ಕಾಯಿ

ಹಾಸನದ ಡಾಕ್ಟರು ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಎಂದಾಗ ನನಗೆ ಐವತ್ತೊಂಬತ್ತು. ನರಗಳ ಕಾಯಿಲೆ, ಕೈಕಾಲು ಜೋಮು ಹಿಡಿಯುತ್ತದೆ, ವಾಸಿಯಾಗುವುದಿಲ್ಲ, ಬಿಸಿಲಿಗೆ ಜಾಸ್ತಿಯಾಗುತ್ತದೆ ಎಂದರು. ಹಳೇಬೀಡಿನ ನಮ್ಮ ಬೀದಿಯಲ್ಲಿ ಆ ಹೆಸರಿಗೆ ಯಾರ ನಾಲಿಗೆಯೂ ಹೊರಳದೆ ಕಡೆಗೆ ಅದು 'ಟೀಚರಮ್ಮನ ಕಾಯಿಲೆ' ಆಯಿತು. ವರ್ಷಗಟ್ಟಲೆ ಮಗ್ಗಿ ಕಲಿಸಿದ್ದಕ್ಕೆ ಊರು ಕೊಟ್ಟ ಬಿರುದು ಇದೊಂದೇ.

ಎದುರುಮನೆ ಕೊಬ್ಬರಿ ವ್ಯಾಪಾರಿಯ ಹೆಂಡತಿ, ಆಕೆಯ ವಾರಗಿತ್ತಿ ಮತ್ತು ನಾನು ದಿನಾ ಅವರ ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದೆವು. ಕವಡೆ ಕೈಜಾರಿದರೂ ಬಿದ್ದದ್ದೇ ಲೆಕ್ಕ, ಇದು ಎದುರುಮನೆಯಾಕೆಯ ಕಾನೂನು. ನಡುವಿನ ಮನೆ ಸೇರಿ ಹಣ್ಣಾಗಲು ಒಂದೇ ಮನೆ ಉಳಿದಿದ್ದ ಸ್ವಂತ ಅತ್ತೆಯ ಕಾಯಿಯನ್ನೇ ಹೊಡೆದ ಮಹಾತಾಯಿ ಆಕೆ.

ನನಗೋಸ್ಕರ ಆಟ ಮೂರು ಗಂಟೆಯಿಂದ ಐದಕ್ಕೆ, ಬಿಸಿಲು ಇಳಿದ ಹೊತ್ತಿಗೆ, ಮುಂದೆ ಹೋಯಿತು. ಅದು ಸರಿ. ಆದರೆ ನಾನು ದಿನಾ ಗೆಲ್ಲತೊಡಗಿದೆ. ಮೂರನೆಯ ದಿನ ನಮ್ಮ ಯಜಮಾನರ ಮುಂದೆ ಜಂಬವನ್ನೂ ಕೊಚ್ಚಿದೆ. ನಾಲ್ಕನೆಯ ದಿನ ಎದುರುಮನೆಯಾಕೆಗೆ ಮೂರು ಬಿತ್ತು. ಆಕೆಯ ಕಾಯಿಗೆ ಸರಿಯಾಗಿ ಮೂರು ಮನೆ ಮುಂದೆ ನನ್ನ ಕಾಯಿ, ಹಣ್ಣಾಗಲು ಎರಡೇ ಬಾಕಿ. ಆಕೆ ಅದನ್ನು ನೋಡಿದರು, ನನ್ನ ಬೆರಳುಗಳನ್ನು ನೋಡಿದರು, ಬೇರೆ ಕಾಯಿ ನಡೆಸಿದರು.

ನನಗೆ ಮೈಯೆಲ್ಲ ಉರಿಯಿತು. ಕಾಲು ಸೋತರೆ ಕೋಲು ಹಿಡಿಯಬಹುದು. ಈ ಜಗಲಿಯಲ್ಲೂ ರೋಗಿಯಾಗಿಯೇ ಕೂರುವುದಾದರೆ ಕಷ್ಟಪಟ್ಟು ಬೀದಿ ದಾಟುವುದೇಕೆ?

"ಯಾಕ್ರೀ ಹೊಡೀಲಿಲ್ಲ?"

"ಕಾಣ್ಲಿಲ್ಲ ಕಣ್ರೀ."

"ನಮ್ಮನೆ ಒಲೆ ಮೇಲೆ ಏನೈತೆ ಅಂತ ಇಲ್ಲಿಂದ್ಲೇ ಕಾಣುತ್ತೆ ನಿಮಗೆ! ಹಿಂಗೇ ಆಡಿದ್ರೆ ನಾಳೆಯಿಂದ ನಾನು ಬರಲ್ಲ."

ಆಕೆ ಕವಡೆಗಳನ್ನು ನನ್ನ ಕಡೆ ತಳ್ಳಿದರು. ಸರದಿ ನನ್ನದು. ಜೋಮು ಹಿಡಿದ ಬೆರಳುಗಳಿಂದ ಕವಡೆಗಳು ಕುಲುಕುವ ಮೊದಲೇ ಜಾರಿದವು. ಬಿದ್ದದ್ದು ಒಂದು.

"ಬಿಡಿ ಟೀಚರಮ್ಮ, ಇನ್ನೊಂದ್ಸಲ ಹಾಕಿ" ಎಂದು ವಾರಗಿತ್ತಿ ಕವಡೆ ಬಾಚಲು ಕೈ ಚಾಚಿದರು. ಎದುರುಮನೆಯಾಕೆ ಅವರ ಕೈ ತಡೆದರು.

"ಬಿದ್ದಿದ್ದು ಬಿದ್ದಂಗೆ. ಒಂದು ನಡೆಸ್ರೀ."

ಅದೇ ಕಾಯಿ ನಡೆಸಿದೆ, ಹಣ್ಣಾಗಲು ಇನ್ನೊಂದೇ ಬಾಕಿ. ವಾರಗಿತ್ತಿಯ ಸರದಿ ಮುಗಿದು ಎದುರುಮನೆಯಾಕೆಗೆ ಚೌಕ ಬಿತ್ತು. ಸರಿಯಾಗಿ ನಾಲ್ಕು. ಅತ್ತೆಯ ಕಾಯಿಗೆ ಬಡಿದ ಹಾಗೆ ಟಪ್ಪೆಂದು ಬಡಿದು ನನ್ನ ಕಾಯಿಯನ್ನು ನನ್ನ ಮಡಿಲಿಗೆ ಎಸೆದರು.

"ಮೋಸ! ನೀವು ಕವಡೆ ಕುಲುಕ್ಲೇ ಇಲ್ಲ!" ಎಂದು ನಾನು ಕಿರುಚಿದ್ದಕ್ಕೆ ನಮ್ಮ ಮನೆಯಿಂದ ಯಜಮಾನರು ಗಾಬರಿಯಿಂದ ಹೊರಗೆ ಬಂದರು. ಜಗಳ ಕತ್ತಲಾಗುವ ತನಕ ನಡೆಯಿತು. ನನ್ನ ಕಣ್ಣಲ್ಲಿ ನೀರು, ಸಂತೋಷ ತಡೆಯಲಾಗಲಿಲ್ಲ.

ಕೋಲು ಊರಿ ಮೆಟ್ಟಿಲು ಇಳಿಯುವಾಗ ಆಕೆ ಹಿಂದಿನಿಂದ ಕೂಗಿದರು: "ನಾಳೆ ಐದಕ್ಕೆ ಬನ್ರೀ. ಹೊಡ್ಯೋಕೆ ನಿಮ್ದು ಇನ್ನೂ ಮೂರು ಕಾಯಿ ಐತೆ."